ಬೆಲ್ಟ್ ಎಂದು ಬರೆದೆ

ಚೆನ್ನೈಗೆ ಬಂದ ಎರಡನೆಯ ದಿನ ಹೊಸ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಅಂಗಿಯೇ ಇಲ್ಲದ ಕಾಲರ್‌ಗಳನ್ನು ತಂದು ಸುರಿದರು. ಹಿಂದೆಯೇ ತೋಳಿಲ್ಲದ ಕಫ್‌ಗಳು, ಪ್ಯಾಂಟಿಲ್ಲದ ಜೇಬುಗಳು. ಕುರುಗೋಡಿನವಳಾದ ನನಗೆ ಹೊಲಿಗೆ ಹೊಸದಲ್ಲ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ನನ್ನ ಅಕ್ಕ ವರ್ಷಗಟ್ಟಲೆ ಮಷಿನ್ ತುಳಿದವಳು. ಆದರೆ ಬಟ್ಟೆ ಹೀಗೆ ತುಂಡುತುಂಡಾಗಿ ಹಡಗಿನಲ್ಲಿ ಬರುವುದನ್ನು ನೋಡಿದ್ದು ಅದೇ ಮೊದಲು.

ಹೊರದೇಶದ ಸರಕಿಗೆ ಸುಂಕದ ಕಾಗದ ಬರೆಯುವ ಕಚೇರಿ ನಮ್ಮದು. ಸುಂಕದ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಒಂದು ಮನೆ ಇದೆ. ಉಡುಪಿಗೊಂದು, ಉಡುಪಿನ ಭಾಗಕ್ಕೊಂದು, ಉಡುಪಿನ ಮೇಲೆ ತೊಡುವ ವಸ್ತುವಿಗೆ ಮತ್ತೊಂದು. ಗುಂಡಿ, ಜಿಪ್ಪುಗಳದು ಬೇರೆಯೇ ಓಣಿ. ಎಲ್ಲಕ್ಕೂ ಮನೆ ಹುಡುಕುವ ನನಗೆ ಮಾತ್ರ ತಿಂಗಳಾದರೂ ಬಾಡಿಗೆ ಮನೆ ಸಿಗಲಿಲ್ಲ. ನೀವು ಯಾವ ಜನ ಎಂದು ಕೇಳಿ, ಉತ್ತರ ತಿಳಿದ ಮೇಲೆ, ಎರಡು ಮನೆಯವರು ಆಗಲೇ ಬೇರೆಯವರಿಗೆ ಕೊಟ್ಟಾಗಿದೆ ಎಂದರು. ಕೊನೆಗೆ ಜಾಗ ಕೊಟ್ಟಾಕೆ ತೆಲುಗಿನವಳು. ನಮ್ಮ ಕಡೆ ಬಸ್ಸು, ಸಂತೆಗಳಲ್ಲಿ ಕಿವಿಗೆ ಬಿದ್ದ ತೆಲುಗು ಇಲ್ಲಿ ಕೈ ಹಿಡಿಯಿತು. ಜೋಳಕ್ಕೆ ಇಲ್ಲಿ ಚೋಳಂ ಎನ್ನುತ್ತಾರೆ. ನಾನು ಕೇಳಿದ ರೀತಿಗೋ ಏನೋ, ಅಂಗಡಿಯವನು ಮೆಕ್ಕೆಜೋಳದ ಹಿಟ್ಟು ಕಟ್ಟಿಕೊಟ್ಟ. ರೊಟ್ಟಿ ತಟ್ಟಲು ಹೋದರೆ ಹರಿದು ಹರಿದು ಬಂತು, ಒಬ್ಬಳೇ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಅಕ್ಕನ ಘಟಕಕ್ಕೆ ದೊಡ್ಡ ಆರ್ಡರೊಂದು ಬಂತು. ಅದಕ್ಕೆಂದು ಮಾಲೀಕರು ಎಲಾಸ್ಟಿಕ್ ಸೇರಿಸಿ ಹೊಲಿದ ಸೊಂಟದ ಪಟ್ಟಿಗಳನ್ನು ಹೊರದೇಶದಿಂದ ತರಿಸಿದರು. ಮಾಲು ಸಮಯಕ್ಕೆ ಹೋದರೆ ಘಟಕ ಉಳಿಯುತ್ತದೆ, ಇಲ್ಲವಾದರೆ ಎಲ್ಲರೂ ಮನೆಗೆ ಎಂದು ಅಕ್ಕ ಮೊದಲೇ ಹೇಳಿದ್ದಳು. ಆ ಪಟ್ಟಿಗಳ ಸುಂಕದ ಕಾಗದ ಬರೆಯುವ ಕೆಲಸ ನನ್ನ ಕೈಗೇ ಬಂದಾಗ ಎಷ್ಟು ಬೀಗಿದ್ದೆನೋ. ಮಾರಿದವರು ಕಳಿಸಿದ ಪತ್ರದಲ್ಲಿ ಬರೀ ಬಟ್ಟೆ ಸಾಮಾನು ಎಂದಿತ್ತು. ಅಕ್ಕನಿಗೆ ಫೋನ್ ಹಚ್ಚಿ, ಬರುತ್ತಿರುವುದು ಏನು ಎಂದು ಕೇಳಿದೆ.

"ಬೆಲ್ಟ್ ಅದಾವ, ಇನ್ನೇನು?" ಅಂದಳು.

ಬಳ್ಳಾರಿಯ ಹೊಲಿಗೆಯವರು ಪ್ಯಾಂಟಿನ ಸೊಂಟದ ಪಟ್ಟಿಗೆ ಬೆಲ್ಟ್ ಎಂದೇ ಹೇಳುವುದು. ನಾನೂ ಹಾಗೆಯೇ ಬರೆದೆ. ಬೇರೆಯವರದಾಗಿದ್ದರೆ ಮಾದರಿ ತರಿಸಿ, ಸುಂಕದ ಪಟ್ಟಿಯನ್ನು ತಿರುವಿ ನೋಡುತ್ತಿದ್ದೆ. ನಮ್ಮೂರಿನದಲ್ಲವೇ ಎಂಬ ಸಲಿಗೆ.

ಸುಂಕದವರಿಗೆ ಬೆಲ್ಟ್ ಎಂದರೆ ನಡುವಿಗೆ ಬಿಗಿದು ಬಿಚ್ಚುವ ಪಟ್ಟಿ, ತೊಡುವ ವಸ್ತು. ಪೆಟ್ಟಿಗೆ ತೆರೆದರೆ ಸಿಕ್ಕಿದ್ದು ಉಡುಪಿನ ಭಾಗ. ಕಾಗದ ಒಂದು, ಸರಕು ಒಂದು ಎಂದು ಎಲ್ಲವನ್ನೂ ತಡೆದರು. ಅಧಿಕಾರಿ ಕೆಟ್ಟವರೇನಲ್ಲ. ನನ್ನ ಮಾತು ಕೇಳಿ "ಪರವಾಯಿಲ್ಲೈ" ಎಂದರು. ಚಿಂತೆಯಿಲ್ಲ ಎಂದು ಅರ್ಥ. ತಿದ್ದಿ ಕೊಡಿ ಎಂದೂ ಹೇಳಿದರು. ತಿದ್ದುಪಡಿ, ವಿಚಾರಣೆ ಎಲ್ಲ ಮುಗಿಯಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಆರ್ಡರ್ ಕೈತಪ್ಪಿತ್ತು, ಘಟಕಕ್ಕೆ ಬೀಗ ಬಿದ್ದಿತ್ತು. ಅಕ್ಕ ಈಗ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿಯುತ್ತಾಳೆ. ಅಲ್ಲಿನ ದೂಳಿಗೆ ಕೆಮ್ಮು ಹತ್ತಿದೆ. ತಪ್ಪು ನನ್ನದೆಂದು ಫೋನಿನಲ್ಲಿ ಹೇಳಿಕೊಂಡಾಗ, ನಾ ಹೇಳಿದ್ದನ್ನೇ ನೀ ಬರದಿ, ಬಿಡು ಎಂದಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು.

ಹೋದ ವಾರ ಊರಿಗೆ ಹೋಗಿದ್ದೆ, ಅಕ್ಕನೂ ಬಂದಿದ್ದಳು. ಪಕ್ಕದ ಮನೆಯಾಕೆ ಮಗಳ ಪ್ಯಾಂಟು ತಂದು, ಬೆಲ್ಟ್ ಕಿತ್ತೈತಿ, ಹೊಲಿದು ಕೊಡವಾ ಎಂದು ಅಕ್ಕನ ಮುಂದಿಟ್ಟಳು.

"ಅದು ವೇಸ್ಟ್‌ಬ್ಯಾಂಡ್," ಎಂದುಬಿಟ್ಟೆ. ಸೊಂಟದ ಪಟ್ಟಿಗೆ ಕಚೇರಿಯಲ್ಲಿ ಹೇಳುವ ಹೆಸರು, ಅಭ್ಯಾಸಬಲದಿಂದ ಬಾಯಿಂದ ಜಾರಿತು.

ಆಕೆ ನಕ್ಕು, ಚೆನ್ನೈ ಮಾತು ಕಲಿತಾಳ ನೋಡು ಎಂದು ಹೋದಳು. ಅಕ್ಕ ನಗಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, ಸಿಟ್ಟಿಲ್ಲದೆ, "ಈ ಮಾತು ನಿನಗ ಆಗ ಬರಬೇಕಿತ್ತವಾ," ಎಂದಳು.

ಚೆನ್ನೈಗೆ ಮರಳಿ ನಾಲ್ಕು ದಿನವಾಯಿತು. ಇಲ್ಲಿ ಎಲ್ಲರೂ ನನ್ನನ್ನು ಬಳ್ಳಾರಿಯವಳು ಎನ್ನುತ್ತಾರೆ. ಅಕ್ಕನಿಗೆ ಫೋನ್ ಮಾಡಬೇಕು. ಯಾವ ಊರಿನವಳಾಗಿ ಮಾತಾಡಲಿ ಎಂದು ತಿಳಿಯದೆ ಕೂತಿದ್ದೇನೆ.