ಹಡಗಿನ ಹಗ್ಗ ಹೆಣೆದವರು

ನೀರಲ್ಲಿ ನೆನೆದ ತೆಂಗಿನ ನಾರಿನ ಹಗ್ಗಕ್ಕೆ ಅದರದೇ ಒಂದು ವಾಸನೆಯಿದೆ. ಸ್ವಲ್ಪ ಮಣ್ಣಿನದು, ಸ್ವಲ್ಪ ಹುಳಿ, ಬಿಸಿಲಿಗೆ ಹಾಕಿದ ಹಳೇ ಕಂಬಳಿಯ ಹಾಗೆ ಬೆಚ್ಚಗೆ. ಈಗ ಎಲ್ಲೆಲ್ಲೂ ನೈಲಾನ್ ಹಗ್ಗವೇ ಆಗಿ ಆ ವಾಸನೆ ಸಿಗುವುದು ಅಪರೂಪ. ಎಲ್ಲಾದರೂ ಸಿಕ್ಕಿತೆಂದರೆ ಅಜ್ಜಂಪುರದ ನಮ್ಮ ಮನೆಯ ಜಗಲಿ, ಅಲ್ಲಿ ಕಾಲು ಚಾಚಿ ಕೂತ ಚಿಕ್ಕಪ್ಪ, ಎದುರಿಗೆ ಹಗ್ಗದ ಇನ್ನೊಂದು ತುದಿ ಹಿಡಿದ ಸರೋಜ ಚಿಕ್ಕಮ್ಮ ಕಣ್ಣ ಮುಂದೆ ಬಂದುಬಿಡುತ್ತಾರೆ.

ಚಿಕ್ಕಪ್ಪ ಹಡಗಿನಲ್ಲಿ ಕೆಲಸಕ್ಕಿದ್ದರು. ರಾಗಿ, ಈರುಳ್ಳಿ ಬೆಳೆಯುವ ನಮ್ಮ ಸೀಮೆಯವರಿಗೆ ಅದೊಂದು ಸೋಜಿಗ. ಮಂಗಳೂರಿನ ಬಂದರಿನಲ್ಲಿದ್ದ ಸೋದರಮಾವನ ಜೊತೆ ಹೋಗಿ, ಅಲ್ಲಿಂದ ಬೊಂಬಾಯಿ ಸೇರಿ, ಸರಕು ಹಡಗಿನ ಖಲಾಸಿಯಾದವರು. ಮದುವೆಯಾದ ಮೇಲೂ ಯಾವಾಗಲೋ ಒಮ್ಮೆ ನೆಂಟರ ಹಾಗೆ ಬಂದು ಹೋಗುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ಹಡಗನ್ನು ದಡಕ್ಕೆ ಕಟ್ಟುವ ಹಗ್ಗವೊಂದು ಕಿತ್ತು ಬಡಿದು, ಬಲಭುಜದ ಮೂಳೆ ಮುರಿದುಕೊಂಡು ಮನೆಗೆ ಬಂದರು. ಗಂಡ ಹೆಂಡತಿ ಒಂದೇ ಸೂರಿನಡಿ ಅಷ್ಟು ದಿನ ಇದ್ದದ್ದು ಅದೇ ಮೊದಲು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯದು. ಚಿಕ್ಕಮ್ಮ ಕಾಫಿ ಲೋಟ ಅವರ ಪಕ್ಕದಲ್ಲಿಟ್ಟು ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಬಾವಿಯ ಹಗ್ಗ ಕಿತ್ತುಹೋಯಿತು. ಚಿಕ್ಕಮ್ಮ ಎರಡು ತುದಿಯನ್ನೂ ಸೇರಿಸಿ ಗಂಟು ಹಾಕಲು ಹೊರಟಾಗ ಚಿಕ್ಕಪ್ಪ ಜಗಲಿಯಿಂದಲೇ ಕೂಗಿದರು: “ಗಂಟಾಕ್ಬೇಡ ಕಣೇ, ರಾಟೇಲಿ ಸಿಕ್ಕಾಕ್ಕೊಳ್ಳುತ್ತೆ. ಇಲ್ಲಿ ತಾ.” ಎರಡು ತುದಿಗಳ ಎಳೆಗಳನ್ನೂ ಬಿಚ್ಚಿ, ಚೂಪಾದ ಮರದ ಕಡ್ಡಿಯಿಂದ ಎಳೆಗಳ ನಡುವೆ ಸಂದು ಮಾಡುತ್ತಾ, ಒಂದರೊಳಗೊಂದು ತೂರಿಸಿ ಹೆಣೆಯತೊಡಗಿದರು. ಆದರೆ ಬಲಗೈಯಲ್ಲಿ ಎಳೆದು ಬಿಗಿಯುವ ಶಕ್ತಿಯಿರಲಿಲ್ಲ. “ನೀನು ಎಳಿ” ಎಂದರು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಎಳೆದಳು. ಗಂಟೇ ಇಲ್ಲದೆ ಹಗ್ಗ ಒಂದಾಯಿತು.

ಆಮೇಲೆ ಮಧ್ಯಾಹ್ನದ ಕೆಲಸ ಮುಗಿದರೆ ಇಬ್ಬರೂ ಜಗಲಿಯಲ್ಲೇ. ಎಷ್ಟು ಜಗ್ಗಿದರೂ ಬಿಗಿಯಾಗದ ಕುಣಿಕೆ, ಎಳೆ ಬಿಚ್ಚದಂತೆ ತುದಿಗೆ ದಾರ ಸುತ್ತುವುದು, ಬಲೆಯ ಹಾಗೆ ಹೆಣೆದ ತೂಗುಹಾಸಿಗೆ, ದಪ್ಪನೆಯ ಕಾಲೊರಸು, ಎಲ್ಲವನ್ನೂ ಚಿಕ್ಕಪ್ಪ ಹೇಳಿಕೊಡುತ್ತಿದ್ದರು. ಹೇಳುತ್ತಾ ಹೇಳುತ್ತಾ ಯಾವ ಬಂದರಿನಲ್ಲಿ ಯಾರಿಂದ ಕಲಿತದ್ದೆಂಬ ಕತೆಗಳೂ ಹೊರಬರುತ್ತಿದ್ದವು. ಚಿಕ್ಕಮ್ಮ ನನ್ನ ಜಡೆ ಹೆಣೆಯುವ ಕೈಯಲ್ಲೇ ನಾಲ್ಕೆಳೆಯ ಹಗ್ಗ ಹಿಡಿದು, ನಡುವೆ ಮೊಗ್ಗು ಪೋಣಿಸಿದ ಹಾಗೆ ಕಾಣುವ ಹೊಸದೊಂದು ಹೆಣಿಗೆ ಹಾಕಿದಾಗ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಯಾವ್ ಹಡಗಲ್ಲೂ ಇಲ್ಲ ಕಣೇ” ಎಂದು ನಕ್ಕರು. ಒಳಗಿನಿಂದ ಅಜ್ಜಿ, “ಮದ್ವೆಯಾಗಿ ಇಷ್ಟ್ ವರ್ಷಕ್ಕೆ ಮಾತು ಶುರುವಾಯ್ತಪ್ಪಾ!” ಎಂದಳು. ಚಿಕ್ಕಮ್ಮನ ಮುಖ ಕೆಂಪಾಯಿತು. ನಮ್ಮ ಮನೆ ಅಷ್ಟು ಹಗುರಾಗಿದ್ದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಭುಜ ಗುಣವಾಗುತ್ತಾ ಬಂದಂತೆ ಚಿಕ್ಕಪ್ಪ ಸಂಜೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂರತೊಡಗಿದರು. ಗೂಡ್ಸ್ ರೈಲು ಹೋಗುವುದನ್ನು ನೋಡಿ ಸುಮ್ಮನೆ ವಾಪಸು ಬರುತ್ತಿದ್ದರು. ಹಡಗಿನವರಿಂದ ಕರೆ ಬಂದಾಗ ಹೋಗಲೋ ಬೇಡವೋ ಎಂದು ಒದ್ದಾಡಿದರು. ಮನೆಯವರೆಲ್ಲ ಬೇಡವೆಂದರು. ಚಿಕ್ಕಮ್ಮ ಒಬ್ಬಳೇ, “ಹೋಗ್ಬನ್ನಿ. ಇಲ್ಲಿ ಕೂತೂ ಕೂತೂ ಮಂಕಾಗ್ತಿದೀರಿ. ಇದೊಂದ್ಸಲ ಹೋಗ್ಬಂದ್ರೆ ನಿಮ್ ಮನ್ಸು ತಣಿಯುತ್ತೆ. ಆಮೇಲೆ ಇಲ್ಲೇ ಇದ್ಬಿಡಿ” ಎಂದಳು. ತಾನೇ ಚಕ್ಕುಲಿ ಕರಿದು ಡಬ್ಬಿಗೆ ತುಂಬಿ ಕಳಿಸಿದಳು.

ಮುಂದಿನ ಮಳೆಗಾಲದಲ್ಲಿ ತಂತಿ ಬಂತು. ಚಿಕ್ಕಪ್ಪ ಹಡಗಿನಲ್ಲಿ ಜ್ವರ ಬಂದು ತೀರಿಕೊಂಡಿದ್ದರು. “ನನ್ ಮಗೂನ ಯಾವಾಗ ತರ್ತಾರೋ?” ಎಂದು ಅಜ್ಜಿ ಕೇಳಿದಾಗ ಅಪ್ಪ ಗೋಡೆ ನೋಡುತ್ತಾ, “ತರಲ್ಲವ್ವಾ. ಸಮುದ್ರಕ್ಕೇ ಬಿಟ್ರಂತೆ” ಎಂದರು. ಚಿಕ್ಕಮ್ಮ ಅಳಲಿಲ್ಲ. “ನಾನೇ ಕಳಿಸ್ದೆ” ಎಂದು ಒಮ್ಮೆ ಹೇಳಿದಳು, ಅಷ್ಟೇ. ಮತ್ತೆಂದೂ ಹಗ್ಗ ಹೆಣೆಯಲಿಲ್ಲ. ಜಗಲಿಯಲ್ಲಿ ಕಟ್ಟಿದ್ದ ತೂಗುಹಾಸಿಗೆಯ ಎಳೆಗಳು ಸವೆದು ಒಂದೊಂದಾಗಿ ಕಿತ್ತುಬಂದವು. ಅದನ್ನು ಸರಿಮಾಡಬಲ್ಲವಳು ಅವಳೊಬ್ಬಳೇ. ಅವಳು ಮುಟ್ಟಲಿಲ್ಲ, ಮುಟ್ಟೆಂದು ಹೇಳುವ ಧೈರ್ಯ ನಮಗೂ ಬರಲಿಲ್ಲ. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು. ಜಗಲಿ ಒಡೆದು ಅಂಗಡಿ ಮಳಿಗೆ ಕಟ್ಟಿದರು.

ಎಂಬತ್ತರ ದಶಕದಲ್ಲಿ ನಾನು ಮಂಗಳೂರಿನಲ್ಲಿ ನರ್ಸ್ ತರಬೇತಿಗೆ ಸೇರಿದಾಗ ಚಿಕ್ಕಮ್ಮ ನೋಡಲು ಬಂದಳು. ಕರೆಯಲೋ ಬೇಡವೋ ಎಂದುಕೊಳ್ಳುತ್ತಲೇ ಕಡಲಿಗೆ ಕರೆದುಕೊಂಡು ಹೋದೆ. ಅದುವರೆಗೆ ಅವಳು ಕಡಲು ಕಂಡವಳಲ್ಲ. ದಡದಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ನೇರ ಎದುರಿಗೆ. ಅಲೆ ಬಂದು ಸೀರೆಯಂಚು ತೋಯಿಸಿದರೂ ಕದಲಲಿಲ್ಲ. ನನ್ನ ಕೈ ಹಿಡಿದುಕೊಂಡು, “ಇಷ್ಟ್ ದೊಡ್ಡದು ಅಂತ ಅವ್ರು ಹೇಳೇ ಇರ್ಲಿಲ್ಲ ಕಣೇ” ಎಂದಳು. “ಗೊತ್ತಿದ್ದಿದ್ರೆ ಕಳಿಸ್ತಿರ್ಲಿಲ್ಲ.”