ಕವನ ಸಂಕಲನ ಹಾಕಿ ಹಿಡಿದ ಸೀಟು

ಗೆಳೆಯರೇ, ಇವತ್ತು ಸಂಜೆ ಮದ್ದೂರಿನಲ್ಲಿ ಕೊಪ್ಪದ ಬಸ್ಸು ಬಂದಾಗ ಎಲ್ಲರೂ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರು. ನಾನು ಕೈಯಲ್ಲಿದ್ದ ಹೊಸ ಕವನ ಸಂಕಲನವನ್ನೇ ಹಾಕಿದೆ.

ಹತ್ತಿ ನೋಡಿದರೆ ಆ ಸೀಟಿನ ಪಕ್ಕ ಒಬ್ಬ ಅಜ್ಜಿ ಮಂಡಿ ಹಿಡಿದುಕೊಂಡು ನಿಂತಿದ್ದರು. ಮಾತಾಡಿಸಲು ಸಂಕೋಚ. ಸುಮ್ಮನೆ ಕೂತು ಪುಸ್ತಕ ತೆರೆದೆ.

ಎಲ್ಲರಿಗೂ ಬಡಿಸಿ ತಾನು ನಿಂತೇ ಉಣ್ಣುತ್ತಿದ್ದ ಸೋದರತ್ತೆಯ ಮೇಲೊಂದು ಪದ್ಯ. ಕವಿ ಕಿವಿಯಲ್ಲಿ ಹೇಳಿದಷ್ಟು ಮೆತ್ತಗೆ ಬರೆದಿದ್ದಾರೆ. ನನಗೆ ಅಳು ಬಂತು.

ಅಜ್ಜಿ ಬಗ್ಗಿ ಕೇಳಿದರು, "ಯಾಕವ್ವಾ ಅಳ್ತಿದ್ದೀಯೆ, ಮನೇಲೇನಾರ ಆಯ್ತಾ?"

"ಇಲ್ಲ ಅಜ್ಜಿ, ಪದ್ಯ ಓದಿ."

"ಅಂಗಾರೆ ನಿಂತ್ಕಂಡೇ ಅಳವ್ವ, ನಾನ್ ಒಸಿ ಕೂತ್ಕತೀನಿ."

ತಲೆ ತಗ್ಗಿಸಿ ಎದ್ದೆ. ಸಂಕಲನ ತುಂಬ ಚೆನ್ನಾಗಿದೆ, ಓದಿ. ನಿಂತು ಓದಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.