ಜೋಳದ ಅಂಟು, ಸತ್ಯಮ್ಮನ ಅಕ್ಷರ

ಕಳಂಬೋಲಿಯ ಕಬ್ಬಿಣದ ಪೇಟೆ ಇನ್ನೂ ಹಲ್ಲುಜ್ಜಿಲ್ಲ. ಇಲ್ಲಿ ಬಿದ್ದಿರುವ ಗುಜರಿಯನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನವರೆಗೆ ಏಣಿಯಾಗುತ್ತದೆ. ಮಿಕ್ಕಿದ್ದರಲ್ಲಿ ಚಂದ್ರನ ಮನೆಗೊಂದು ಗೇಟನ್ನೂ ಮಾಡಿಸಿಕೊಡಬಹುದು. ಆ ಬೆಟ್ಟದ ಬುಡದಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಅರವತ್ತು ದಾಟಿದವರೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಮುಂದೆ ಅಂಗಾತ ಮಲಗಿಸಿದ ದೊಡ್ಡ ತಗಡಿನ ಬೋರ್ಡು. ಅದರ ಮೇಲೆ ಗಾದಿಯಷ್ಟು ದಪ್ಪಕ್ಕೆ ಹಳೇ ಸಿನಿಮಾ ಪೋಸ್ಟರುಗಳು, ಒಂದರ ಮೇಲೊಂದು. ಒದ್ದೆ ಗೋಣಿಚೀಲ ಹೊದಿಸಿ, ಜ್ವರ ಬಂದ ಮಗುವಿನ ಹಣೆಯಂತೆ ಮುಟ್ಟಿ ಮುಟ್ಟಿ ನೋಡುತ್ತಾರೆ.

ಇವರು ಮಾಪಣ್ಣ. ಹೊಟ್ಟೆಪಾಡಿಗೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರದ್ದಿ ಗೋದಾಮಿನಲ್ಲಿ ಕಾಗದ ವಿಂಗಡಿಸುತ್ತಾರೆ. ಉಳಿದ ಹೊತ್ತಿನಲ್ಲಿ ಹಳೇ ಚಿತ್ರಗಳ ಪೋಸ್ಟರು, ಹಾಡಿನ ಪುಸ್ತಕ, ಕರಪತ್ರ, ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ತೂಗುತ್ತಿದ್ದ ಫೋಟೋ ಕಾರ್ಡುಗಳನ್ನು ರದ್ದಿಯ ಬಾಯಿಂದ ಕಿತ್ತು ತರುತ್ತಾರೆ. ಥಾಣೆ ಜಿಲ್ಲೆಯಲ್ಲಿ ಇಂಥ ಇನ್ನೊಬ್ಬರಿಲ್ಲ. ಮಹಾರಾಷ್ಟ್ರದಲ್ಲೂ ಇಲ್ಲ. ಭೂಮಿಯ ಮೇಲೆ ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ, ನಾನೇ ಹೋಗಿ ಕಾಲಿಗೆ ಬೀಳುತ್ತೇನೆ.

ಈ ಬೋರ್ಡು ಕಲ್ಯಾಣದ ಒಂದು ಹಳೇ ಟಾಕೀಸಿನ ಗೇಟಿನ ಮೇಲಿದ್ದದ್ದು. ಟಾಕೀಸು ನೆಲಸಮವಾಗಿ ಕಬ್ಬಿಣವೆಲ್ಲ ಇಲ್ಲಿಗೆ ಬಂದಿದೆ. ಲಾರಿಯಿಂದ ಇಳಿಸಿದ ಹಮಾಲ ಯಂಕಣ್ಣ ಮಾಪಣ್ಣನ ಊರ ಕಡೆಯವನೇ. ಬೋರ್ಡಿನ ಗುರುತು ಹಿಡಿದು ರಾತ್ರಿಯೇ ಫೋನು ಮಾಡಿದ್ದಾನೆ. ಗುಜರಿಯವರಿಗೆ ಬೇಕಾದದ್ದು ತಗಡು ಮಾತ್ರ. ಕಾಗದಕ್ಕೆ ಬೆಂಕಿ ಕೊಟ್ಟು, ಗ್ಯಾಸ್ ಕಟರಿನಲ್ಲಿ ಕತ್ತರಿಸಿ, ಲಾರಿಗೆ ತುಂಬುತ್ತಾರೆ. ಗುಜರಿ ಯಾರ್ಡು ನೋಡಿಕೊಳ್ಳುವ ಮುರಾರಿ ದೊಡ್ಡ ಮನಸ್ಸು ಮಾಡಿ, ಕಟರಿನವನು ಬರುವತನಕ ಏನು ಬೇಕಾದರೂ ಕಿತ್ತುಕೊಳ್ಳಿ, ಅವನು ಬಂದ ಮೇಲೆ ನನ್ನ ಮಾತೂ ನಡೆಯುವುದಿಲ್ಲ ಎಂದಿದ್ದಾನೆ.

ಮಾಪಣ್ಣ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಕಲ್ಯಾಣಕ್ಕೆ ಬಂದು, ಇದೇ ಟಾಕೀಸಿನಲ್ಲಿ ಪೋಸ್ಟರ್ ಹಚ್ಚುವ ಕೆಲಸ ಹಿಡಿದವರು. ಏಣಿ, ಬಕೀಟು, ಕಸಬರಿಗೆಯಂಥ ಬ್ರಶ್ಶು. ಎಲ್ಲರೂ ಮೈದಾ ಅಂಟು ಕಾಯಿಸಿದರೆ ಇವರದು ಜೋಳದ ಹಿಟ್ಟಿನದು. ಮೈದಾ ಅಂಗಡಿಯಿಂದ ತರಬೇಕು. ಜೋಳ ಊರಿಂದ ಚೀಲಗಟ್ಟಲೆ ಬರುತ್ತಿತ್ತು. ಮೈದಾ ಅಂಟು ಹಿಡಿದದ್ದನ್ನು ಸತ್ತರೂ ಬಿಡುವುದಿಲ್ಲ, ಸಾಲ ಕೊಟ್ಟ ಬೀಗನ ಹಾಗೆ. ಜೋಳದ್ದು ಬಿಸಿನೀರು ಕಂಡರೆ ಮೆತ್ತಗಾಗಿ ಹಾಳೆಯನ್ನು ಕೈಗೆ ಕೊಡುತ್ತದೆ.

ಜೋಳದ ಅಂಟಿನಿಂದ ಒಂದು ಅನಾಹುತವೂ ಆಯಿತು. ಕಲ್ಯಾಣದ ಆಡುಗಳಿಗೆ ಅದರ ರುಚಿ ಹತ್ತಿತು. ಗೋಡೆಯ ಮೇಲೆ ಕೊರಳು ಎಟುಕುವಷ್ಟನ್ನೆಲ್ಲ ಅವು ಮೇಯ್ದು ಮುಗಿಸಿದವು. ಆ ಕಾಲದಲ್ಲಿ ಕಲ್ಯಾಣದ ಜನ ಯಾವ ನಾಯಕನ ಕಾಲನ್ನೂ ನೋಡಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. "ಮ್ಯಾನೇಜರ್ ದಿನಾ ಬೈತಿದ್ದರಿ, ಹಿರೋಚೇ ಪಾಯ್ ಕುಠೇ, ಹೀರೋನ ಕಾಲು ಎಲ್ಲಿ ಅಂತ," ಎಂದು ಮಾಪಣ್ಣ ನಗುತ್ತಾರೆ. "ನಾ ಏನ್ ಹೇಳ್ಲಿ, ಆಡಿನ ಹೊಟ್ಯಾಗ ಅದಾವ ಅನ್ಲಿ?"

ಈಗ ಅವರ ಖೋಲಿಗೆ ಬನ್ನಿ. ಮಂಚದ ಕೆಳಗೆ ಹಾಡಿನ ಪುಸ್ತಕ, ಅಟ್ಟದ ಮೇಲೆ ಪೋಸ್ಟರು, ಹಿಟ್ಟಿನ ಡಬ್ಬಿಯಲ್ಲಿ ಫೋಟೋ ಕಾರ್ಡು. ಒದ್ದೆ ಪೋಸ್ಟರುಗಳು ಓಣಿಯ ಹಗ್ಗದ ಮೇಲೆ ಸೀರೆ ಲಂಗಗಳ ನಡುವೆ ಒಣಗುತ್ತವೆ. ಒಮ್ಮೆ ಕೆಂಪುಗಣ್ಣಿನ ಖಳನಾಯಕನೊಬ್ಬ ಇಡೀ ವಾರ ತೂಗಾಡಿದ; ಆ ವಾರ ಓಣಿಗೆ ಕಳ್ಳರಿರಲಿ, ಕರೆಂಟಿನ ಬಿಲ್ಲಿನವನೂ ಕಾಲಿಡಲಿಲ್ಲ.

ಆದರೆ ಮಾಪಣ್ಣ ಇಷ್ಟು ವರ್ಷ ಹುಡುಕುತ್ತಿರುವುದು ನಾಯಕನನ್ನೂ ಅಲ್ಲ, ಖಳನಾಯಕನನ್ನೂ ಅಲ್ಲ, ಹೆಂಡತಿ ಸತ್ಯಮ್ಮನ ಕೈಬರಹವನ್ನು.

ಆಗ ಆ ಟಾಕೀಸಿನಲ್ಲಿ ಭಾನುವಾರ ಬೆಳಗ್ಗೆ ಕನ್ನಡ ಚಿತ್ರ ಹಾಕುತ್ತಿದ್ದರು. ಪೋಸ್ಟರಿನ ಬುಡದಲ್ಲಿ ದಿನ, ವೇಳೆ ತಿಳಿಸುವ ಕನ್ನಡದ ಪಟ್ಟಿ ಹಚ್ಚಬೇಕು. ಮ್ಯಾನೇಜರಿಗೆ ಕನ್ನಡ ಬಾರದು, ಮಾಪಣ್ಣನಿಗೆ ಅಕ್ಷರವೇ ಬಾರದು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಸತ್ಯಮ್ಮ ಊರಲ್ಲಿ ನಾಲ್ಕನೇ ಇಯತ್ತೆ ಓದಿದವರು. ಬ್ರಶ್ಶು ಅವರ ಕೈಗೆ ಬಂತು. ಸಿನಿಮಾಕ್ಕೆ ಏನು ಬರೆಯಬೇಕೆಂದು ಅವರಿಗೂ ಗೊತ್ತಿಲ್ಲ. ಜನರನ್ನು ಕರೆಯುವ ಒಂದೇ ಬರಹ ಅವರು ಕಂಡದ್ದು ಲಗ್ನಪತ್ರಿಕೆ. ಹಾಗಾಗಿ ಬರೆದರು: 'ಐತವಾರ ಮುಂಜಾನೆ ಹತ್ತಕ್ಕೆ, ತಾವು ಸಹಕುಟುಂಬ ಸಪರಿವಾರ ಸಮೇತ ಬರಬೇಕಾಗಿ ವಿನಂತಿ.'

ಬಂದರು. ಸೀರೆಯುಟ್ಟು, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು, ಕಲಬುರಗಿ, ವಿಜಯಪುರ, ರಾಯಚೂರಿನ ಗಾರೆ ಕೆಲಸದ ಮಂದಿಯೆಲ್ಲ ಬಂದರು. ಮುದುಕರೊಬ್ಬರು ಬಗಲಲ್ಲಿ ಮದುವೆಯ ಉಡುಗೊರೆಗೆಂದು ಆಯೇರಿಯ ಕುಪ್ಪಸದ ಕಣ ಹಿಡಿದು, ಮದುಮಕ್ಕಳು ಎಲ್ಲಿ ಎಂದು ಗೇಟಿನವನನ್ನು ಕೇಳಿದರಂತೆ. ಅಂದು ಟಾಕೀಸಿನ ಗೋಡೆಗಳು ಎರಡು ಮೊಳ ಹೊರಗೆ ಸರಿದವು. ಮ್ಯಾನೇಜರು, ಇನ್ನು ಮುಂದೆ ಇದನ್ನೇ ಬರೆಯಲಿ ಎಂದರು.

ಇಷ್ಟಾದರೂ ಒಂದು ಪಟ್ಟಿಯೂ ಉಳಿದಿಲ್ಲ. ಹಚ್ಚಿದ್ದು ಬುಡದಲ್ಲಿ, ಅಂದರೆ ಆಡಿನ ಬಾಯಿ ಮಟ್ಟದಲ್ಲಿ. ಮೊಮ್ಮಗಳು ಜ್ಯೋತಿ ಕಾಲೇಜಿಗೆ ಹೋಗುತ್ತಾಳೆ. ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ. ಅಜ್ಜಿಯ ಕಥೆ ಕೇಳಿದಾಗಲೆಲ್ಲ ಅವಳು, ಹೋ ಹೋ, ಆಜಿ ಪೇಂಟರ್ ಇದ್ದಳಂತೆ ಎಂದು ನಗುತ್ತಾಳೆ. ಸತ್ಯಮ್ಮ ಈಗೀಗ ಆ ಮಾತೇ ತೆಗೆಯುವುದಿಲ್ಲ. ಮಾಪಣ್ಣನನ್ನು ಚುಚ್ಚುವುದು ಅದು. ಗೇಟಿನ ಮೇಲಿನ ಈ ಬೋರ್ಡಿಗೆ ಮಾತ್ರ ಯಾವ ಆಡೂ ಏರಿರಲಿಲ್ಲ.

ಕನ್ನಡದ ಆಟ ನಿಂತ ದಿನ, ಪೋಸ್ಟರಿನವರ ಪದ್ಧತಿಯಂತೆ, ಕೊನೆಯ ಪೋಸ್ಟರಿನ ಮೇಲೆ ಮಾಪಣ್ಣ ಖಾಲಿ ಬಿಳಿ ಹಾಳೆಯೊಂದನ್ನು ಹಚ್ಚಿದ್ದರು. ಆಟ ಮುಗಿದ ಬೋರ್ಡು ಬರಿಮೈಯಲ್ಲಿ ಇರಬಾರದಂತೆ. ಅದರ ಮೇಲೆ ಆಮೇಲೆ ಹಚ್ಚಿದ್ದೆಲ್ಲ ಬೇರೆಯವರು, ಮೈದಾ ಅಂಟಿನವರು. ಹಾಗಾಗಿ ಬಿಳಿ ಹಾಳೆ ಸಿಗುವತನಕ ಕೆರೆಯುತ್ತಾರೆ. ಮೈದಾ ಪದರಗಳು ಹಲಗೆ ಹಲಗೆಯಾಗಿ ಏಳುತ್ತವೆ. ಒಂದೊಂದರಲ್ಲೂ ಹತ್ತು ನಾಯಕಿಯರು, ಇಪ್ಪತ್ತು ಬಂದೂಕು, ಒಂದು ಇಡೀ ಮಳೆಗಾಲ.

ಬಿಳಿ ಸಿಕ್ಕಿತು. ಅಷ್ಟರಲ್ಲಿ ಕಟರಿನವನೂ ಸಿಲಿಂಡರ್ ಉರುಳಿಸುತ್ತ ಬಂದ. ಮುರಾರಿ ದೂರದಿಂದ, "ಚಾಚಾ, ಅಬ್ ಬಸ್," ಇನ್ನು ಸಾಕು, ಎಂದ. ಚಹಾದ ಗಾಡಿಯಿಂದ ತಂದ ಬಿಸಿನೀರಿನಲ್ಲಿ ಉಳಿದಿರುವುದು ಒಂದು ಕ್ಯಾನು. ಅರ್ಧ ಬೋರ್ಡಿಗೆ ಸಾಕು, ಇಡೀ ಬೋರ್ಡಿಗಲ್ಲ.

ಮೇಲಿನ ಅರ್ಧದಲ್ಲಿ ನಾಯಕನ ಮುಖ. ಇಂಥದೊಂದು ಪೋಸ್ಟರಿಗಾಗಿ ಸೀವುಡ್ಸಿನಲ್ಲಿರುವ ಪೋಸ್ಟರ್ ಸಂಗ್ರಾಹಕಿ, ಬ್ಯಾಂಕಿನ ಅಧಿಕಾರಿಣಿ ಪ್ರಕೃತಿ ವರ್ಷದಿಂದ ಕಾಯುತ್ತಿದ್ದಾರೆ. ಬುಡದ ಪಟ್ಟಿ ಹರಿದಿದ್ದರೂ ನಡೆಯುತ್ತದೆ, ಮುಖ ಮಾತ್ರ ಬೇಕು ಎಂದಿದ್ದಾರೆ. ಸಂಗ್ರಹ ಮಾಡುವವರೆಲ್ಲ ಹೇಳುವುದೂ ಅದನ್ನೇ. ನಾನೂ ತಡೆಯಲಾರದೆ, ಮಾಪಣ್ಣ, ಮುಖ, ಮುಖ ಎಂದೆ.

ಅವರು ಕ್ಯಾನನ್ನು ಬುಡಕ್ಕೆ ಸುರಿದರು.

"ಆ ಮುಖ ಇನ್ನೆಲ್ಲಾರ ಸಿಗ್ತದರಿ," ಎಂದರು, ತಲೆ ಎತ್ತದೆ. "ಇದನ್ನ ಒಬ್ಬಾಕಿ ಬರದಾಳ."

ಬಿಳಿ ಹಾಳೆ ಬೇಯಿಸಿದ ಶೇಂಗಾದ ಸಿಪ್ಪೆಯ ಹಾಗೆ ಜಾರಿತು. ಕೆಳಗೆ ನೀಲಿ ಅಕ್ಷರ. ಎರಡೂ ಅಂಗೈ ಅಡಿಗೆ ತೂರಿಸಿ, ಮಾಪಣ್ಣ ಪಟ್ಟಿಯನ್ನು ಗೋಣಿಯ ಮೇಲೆ ಎಳೆದುಕೊಂಡು ಹಿಂದೆ ಸರಿಯುವುದಕ್ಕೂ ಕಟರಿನವನು ಕೊಟ್ಟ ಬೆಂಕಿಗೆ ಮೇಲಿನ ಅರ್ಧ ಭಗ್ಗನೆ ಉರಿಯುವುದಕ್ಕೂ ಸರಿಹೋಯಿತು. ಹಾಗೆ ಬೆಂದುಹೋದ ನಾಯಕನಿಗೆ ಕಂಬನಿ ಮಿಡಿದವನು ಇಡೀ ಕಳಂಬೋಲಿಯಲ್ಲಿ ನಾನೊಬ್ಬನೇ.

ಮಧ್ಯಾಹ್ನ. ಖೋಲಿಯ ಮಂಚದ ಮೇಲೆ ಹಳೇ ಚಾದರ, ಅದರ ಮೇಲೆ ಪಟ್ಟಿ. ಒಂದು ತುದಿ ಹೋಗಿದೆ. 'ಸಹಕುಟುಂಬ ಸಪರಿವಾರ' ಗಟ್ಟಿಯಾಗಿ ನಿಂತಿದೆ. ರೊಟ್ಟಿ ಬಡಿಯುತ್ತಿದ್ದ ಸತ್ಯಮ್ಮ ಕೈ ತೊಳೆದು, ಸೆರಗಿಗೆ ಒರೆಸಿ ಬಂದು ನಿಂತವರು ಮುಟ್ಟುವುದಿಲ್ಲ. ಜ್ಯೋತಿ ಬಾಗಿ ನೋಡುತ್ತಾಳೆ, ನಗುವುದಿಲ್ಲ.

"ಆಜಿ, ಹೇ ತೂ ಲಿಹಿಲಂಸ್?" ಇದನ್ನು ನೀನೇ ಬರೆದೆಯಾ ಎಂದು ಕೇಳುತ್ತಾಳೆ.

"ಹೌದವ್ವ," ಎನ್ನುತ್ತಾರೆ ಸತ್ಯಮ್ಮ. "ನನ್ನ ಲಗ್ನದ ಪತ್ರ ನಮ್ಮಪ್ಪ ಮಂದಿ ಕೈಲೆ ಬರೆಸಿದ್ದ. ಕಲ್ಯಾಣದ ಮಂದಿನ್ನ ನಾನ ಬರದು ಕರದೀನಿ."

ಜ್ಯೋತಿ ಬೆರಳನ್ನು ಗಾಳಿಯಲ್ಲೇ ಆಡಿಸುತ್ತ, ಮೊದಲ ಅಕ್ಷರ ಯಾವುದು, ಎರಡನೆಯದು ಯಾವುದು ಎಂದು ಕೇಳತೊಡಗುತ್ತಾಳೆ. ಸತ್ಯಮ್ಮ ಒಂದೊಂದಾಗಿ ಹೇಳುತ್ತಾರೆ. ಒಲೆಯ ಮೇಲಿನ ರೊಟ್ಟಿ ಸೀಯುತ್ತಿದೆ, ಯಾರೂ ಏಳುವುದಿಲ್ಲ.

ನಾನು ಕ್ಯಾಮೆರಾ ತೆಗೆದು, ಮಾಪಣ್ಣ, ಸ್ವಲ್ಪ ಬೆಳಕಿಗೆ ಬನ್ನಿ ಎಂದೆ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು ಬೆಳಕನ್ನು ಮಂಚದ ಕಡೆಗೆ ಬಿಟ್ಟರು.

"ಪೇಪರಿನ್ಯಾಗ ನನ್ನ ಫೋಟೋ ಬ್ಯಾಡ್ರಿ," ಎಂದರು. "ಇದರದ್ದು ಹಾಕ್ರಿ. ಕೆಳಗ ಆಕಿ ಹೆಸರು ಬರೀರಿ."